ಏಳನೇ ನಂಬರಿನ ಬೆಲೆ, ಆರಿಜಿನ್ ಎಂಬ ತೆರಿಗೆ

2023ರ ಮೇ 31, ಬುಧವಾರ ರಾತ್ರಿ. ಅಡಿಲೇಡ್ ಓವಲ್‌ನಲ್ಲಿ ಹಾಫ್‌ಬ್ಯಾಕ್ ನೇಥನ್ ಕ್ಲಿಯರಿ ನ್ಯೂ ಸೌತ್ ವೇಲ್ಸ್ ರಾಜ್ಯದ ನೀಲಿ ಜೆರ್ಸಿಯಲ್ಲಿ ಆಡಿ ಸೋತರು. ಅದೇ ವಾರಾಂತ್ಯದಲ್ಲಿ ತಮ್ಮ ಕ್ಲಬ್ ಪೆನ್ರಿತ್ ಪ್ಯಾಂಥರ್ಸ್ ಪರ ಮತ್ತೆ ಅಂಗಳಕ್ಕಿಳಿದರು. ಆ ಪಂದ್ಯದ ನಡುವೆ ತೊಡೆಯ ಹಿಂಭಾಗ ಹಿಡಿದುಕೊಂಡು ನಿಂತರು. ಹ್ಯಾಮ್‌ಸ್ಟ್ರಿಂಗ್ ಕೈಕೊಟ್ಟಿತ್ತು. ಮೂರು ಪಂದ್ಯಗಳ ರಾಜ್ಯ ಸರಣಿಯ ಉಳಿದೆರಡೂ ಹೋದವು, ಕ್ಲಬ್ಬಿನ ಹಲವು ವಾರಗಳೂ ಹೋದವು.

ಅಕ್ಟೋಬರ್ 1ರಂದು ಸಿಡ್ನಿಯಲ್ಲಿ ಕ್ಲಬ್ ಲೀಗಿನ ಫೈನಲ್. ಬ್ರಿಸ್ಬೇನ್ ಬ್ರಾಂಕೋಸ್ 24–8ರಿಂದ ಮುಂದಿತ್ತು, ಉಳಿದದ್ದು ಸುಮಾರು ಇಪ್ಪತ್ತು ನಿಮಿಷ. ಜೊತೆಗಾರ ಜರೋಮ್ ಲುವಾಯಿ ಗಾಯಗೊಂಡು ಹೊರಗೆ ಕೂತಿದ್ದರು. ಅಲ್ಲಿಂದ ಕ್ಲಿಯರಿ ಪಂದ್ಯವನ್ನು ಒಬ್ಬರೇ ಎಳೆದುಕೊಂಡು ಹೋದರೆಂದರೆ ಉತ್ಪ್ರೇಕ್ಷೆ, ಆದರೆ ದೊಡ್ಡ ಉತ್ಪ್ರೇಕ್ಷೆಯೇನಲ್ಲ. ಕೊನೆಯ ಟ್ರೈ (ಎದುರಾಳಿಯ ಗೆರೆಯಾಚೆ ಚೆಂಡನ್ನು ನೆಲಕ್ಕೆ ಮುಟ್ಟಿಸುವುದು) ಅವರದೇ, ಅದರ ಮೇಲಿನ ಗೋಲೂ ಅವರದೇ. 26–24.

ಒಬ್ಬ ಹಾಫ್‌ಬ್ಯಾಕ್‌ನ ನಿಜವಾದ ಬೆಲೆ ಎಷ್ಟು, ರಾಜ್ಯಕ್ಕೂ ದೇಶಕ್ಕೂ ಆಡುವುದರಿಂದ ಆ ಬೆಲೆಯಲ್ಲಿ ಎಷ್ಟು ಸವೆಯುತ್ತದೆ? ಆಸ್ಟ್ರೇಲಿಯಾದ ರಗ್ಬಿ ಲೀಗ್ ಜಗತ್ತು ನಾಲ್ಕು ದಶಕಗಳಿಂದ ಜಗಿಯುತ್ತಿರುವ ಈ ಎರಡು ಪ್ರಶ್ನೆಗಳನ್ನು ಸಾಮಾನ್ಯವಾಗಿ ಬೇರೆಬೇರೆಯಾಗಿ ಕೇಳುತ್ತಾರೆ. ನನಗೆ ಕಾಣುವ ಮಟ್ಟಿಗೆ ಇವು ಒಂದೇ ಪ್ರಶ್ನೆ. ಹಾಫ್‌ಬ್ಯಾಕ್‌ನ ಬೆಲೆ ಅಳೆಯಲು ಸಿಗುವ ಅವಕಾಶವೆಂದರೆ ಅವನು ಇಲ್ಲದ ಪಂದ್ಯ. ಅವನು ಇಲ್ಲದಂತೆ ಮಾಡುವುದರಲ್ಲಿ ರಾಜ್ಯ ತಂಡದ ಕರೆಗೆ ದೊಡ್ಡ ಪಾಲು.

ಭುಜದ ಗಾಯದಿಂದ ಹುಟ್ಟಿದ ಆಟ

ಈ ಜಗಳ ಆಟದ ಹುಟ್ಟಿನಲ್ಲೇ ಇದೆ. 1895ರ ಆಗಸ್ಟ್ 29ರಂದು ಇಂಗ್ಲೆಂಡಿನ ಹಡರ್ಸ್‌ಫೀಲ್ಡ್ ಪಟ್ಟಣದ ಜಾರ್ಜ್ ಹೋಟೆಲಿನಲ್ಲಿ ಉತ್ತರದ ಕ್ಲಬ್ಬುಗಳು ರಗ್ಬಿ ಯೂನಿಯನ್ನಿನಿಂದ ಸಿಡಿದುಹೋದದ್ದು ಕೂಲಿಯ ಪ್ರಶ್ನೆಯಿಂದ. ಗಣಿ, ಗಿರಣಿಗಳಲ್ಲಿ ದುಡಿಯುವವನು ಆಟಕ್ಕಾಗಿ ಶನಿವಾರದ ಸಂಬಳ ಬಿಟ್ಟರೆ ಅದನ್ನು ತುಂಬಿಕೊಡುವವರು ಯಾರು?

ಸಿಡ್ನಿಯಲ್ಲಿ ಇದೇ ಕಥೆ ಇನ್ನೂ ನೇರವಾಗಿ ನಡೆಯಿತು. 1907ರಲ್ಲಿ ಅಲೆಕ್ ಬರ್ಡನ್ ಎಂಬ ಆಟಗಾರ ಪ್ರಾತಿನಿಧಿಕ ತಂಡದ ಪ್ರವಾಸದಲ್ಲಿ ಭುಜಕ್ಕೆ ಪೆಟ್ಟು ಮಾಡಿಕೊಂಡು ಕೆಲಸ ಕಳೆದುಕೊಂಡ, ಯೂನಿಯನ್ ಪರಿಹಾರ ಕೊಡಲಿಲ್ಲ ಎಂಬುದು ಅಲ್ಲಿನ ಲೀಗ್ ಹೇಳಿಕೊಳ್ಳುವ ಮೂಲಕಥೆ. ಅತೃಪ್ತರು ಸೇರಿ ಗುಟ್ಟಾಗಿ ಮಾತಾಡಿಕೊಂಡದ್ದು ಯಾರ ಅಂಗಡಿಯಲ್ಲಿ ಗೊತ್ತೇ? ಕ್ರಿಕೆಟ್ಟಿಗ ವಿಕ್ಟರ್ ಟ್ರಂಪರ್ ಅವರ ಕ್ರೀಡಾಸಾಮಗ್ರಿ ಮಳಿಗೆಯಲ್ಲಿ. ಕ್ಲಬ್ಬಿನವನು ಊರಿನ ಪರ ಆಡಿ ಗಾಯಗೊಂಡರೆ ಲೆಕ್ಕ ಯಾರ ಖಾತೆಗೆ ಎಂಬ ಪ್ರಶ್ನೆಗೆ, ಹೀಗೆ, ನೂರು ವರ್ಷಕ್ಕೂ ಹೆಚ್ಚು ವಯಸ್ಸಾಗಿದೆ.

1908ರಲ್ಲಿ ಸಿಡ್ನಿ ಲೀಗ್ ಶುರುವಾಯಿತು, ನ್ಯೂ ಸೌತ್ ವೇಲ್ಸ್ ಮತ್ತು ಕ್ವೀನ್ಸ್‌ಲ್ಯಾಂಡ್ ನಡುವಿನ ಪಂದ್ಯಗಳೂ ಶುರುವಾದವು. ಆಗಿನ ನಿಯಮದಂತೆ ಆಡುತ್ತಿರುವ ರಾಜ್ಯಕ್ಕೆ ಆಟಗಾರ ಸೇರುತ್ತಿದ್ದ, ಹುಟ್ಟಿದ ರಾಜ್ಯಕ್ಕಲ್ಲ. 1956ರಲ್ಲಿ ನ್ಯೂ ಸೌತ್ ವೇಲ್ಸ್ ಸರ್ಕಾರ ಕ್ಲಬ್ಬುಗಳಲ್ಲಿ ಪೋಕರ್ ಯಂತ್ರಗಳನ್ನು ಕಾನೂನುಬದ್ಧಗೊಳಿಸಿದ ಮೇಲೆ ಸಿಡ್ನಿಯ ಹಣ ಉತ್ತರದ ಹುಡುಗರನ್ನು ಸೆಳೆಯಿತು. ಕ್ವೀನ್ಸ್‌ಲ್ಯಾಂಡ್ ತನ್ನದೇ ಮಕ್ಕಳ ಕೈಲಿ ವರ್ಷವರ್ಷವೂ ಸೋಲುತ್ತಿತ್ತು.

1980ರ ಜುಲೈ 8ರಂದು ಬ್ರಿಸ್ಬೇನಿನ ಲ್ಯಾಂಗ್ ಪಾರ್ಕಿನಲ್ಲಿ ನಿಯಮ ತಿರುವುಮುರುವಾಯಿತು. ಮೂಲ ಎಲ್ಲಿಯದೋ ಆ ರಾಜ್ಯಕ್ಕೇ ಆಟ. ಸಿಡ್ನಿಯ ಅನೇಕರು ಇದನ್ನು ತಮಾಷೆ ಎಂದುಕೊಂಡಿದ್ದರು. ಪ್ಯಾರಮಾಟಾ ಕ್ಲಬ್ಬಿನಲ್ಲಿದ್ದ ಮೂವತ್ತೈದರ ಆರ್ಥರ್ ಬೀಟ್ಸನ್ ಮೊದಲ ಬಾರಿಗೆ ಕ್ವೀನ್ಸ್‌ಲ್ಯಾಂಡ್ ಜೆರ್ಸಿ ತೊಟ್ಟು, ತನ್ನದೇ ಕ್ಲಬ್ ಗೆಳೆಯ ಮಿಕ್ ಕ್ರೋನಿನ್ ಮೇಲೆ ಎರಗಿದರು. ಆ ಹೊಡೆತ ಆಮೇಲೆ ದಂತಕಥೆಯಾಯಿತು. ಕ್ವೀನ್ಸ್‌ಲ್ಯಾಂಡ್ 20–10ರಿಂದ ಗೆದ್ದಿತು. 1982ರಿಂದ ವರ್ಷಕ್ಕೆ ಮೂರು ಪಂದ್ಯಗಳ ಸರಣಿ ಗಟ್ಟಿಯಾಯಿತು. ಅಂದಿನಿಂದ ಸ್ಟೇಟ್ ಆಫ್ ಆರಿಜಿನ್ ಈ ಆಟದ ಅತಿ ದೊಡ್ಡ ಹಬ್ಬ, ಬಹಳ ಮಂದಿಗೆ ದೇಶದ ಟೆಸ್ಟ್‌ಗಿಂತಲೂ ದೊಡ್ಡದು. ಆದರೆ ಹಬ್ಬ ಬರುವುದು ಋತುವಿನ ನಟ್ಟನಡುವೆ. ಮಾರ್ಚ್‌ನಿಂದ ಅಕ್ಟೋಬರ್‌ವರೆಗಿನ ಕ್ಲಬ್ ಲೀಗ್ ಇನ್ನೂ ಅರ್ಧ ದಾರಿಯಲ್ಲಿರುವಾಗ, ಮೇ ಕೊನೆಯಿಂದ ಜುಲೈವರೆಗೆ.

ಏಳನೆಯವನ ಕೆಲಸ

ಆಟ ನೋಡಿರದವರಿಗೆ ಒಂದು ಮಾತು. ಒಂದೊಂದು ಕಡೆ ಹದಿಮೂರು ಮಂದಿ. ಚೆಂಡನ್ನು ಕೈಯಲ್ಲಿ ಮುಂದಕ್ಕೆ ಎಸೆಯುವಂತಿಲ್ಲ, ಹಿಂದಕ್ಕೇ ಕೊಡಬೇಕು. ಎದುರಾಳಿ ಹಿಡಿದು ಕೆಡವಿದರೆ ಅದು ಒಂದು ಟ್ಯಾಕಲ್. ಕಬಡ್ಡಿ ಬಲ್ಲವರಿಗೆ ಆ ಹಿಡಿತದ ಬಿಸಿ ಹೇಳಿಕೊಡಬೇಕಿಲ್ಲ. ಆರು ಟ್ಯಾಕಲ್ ಮುಗಿದರೆ ಚೆಂಡು ಎದುರಾಳಿಗೆ. ಆದ್ದರಿಂದ ಐದಾದ ಮೇಲೆ ಸಾಮಾನ್ಯವಾಗಿ ಒದೆಯುತ್ತಾರೆ. ಎಲ್ಲಿಗೆ, ಎಷ್ಟು ಎತ್ತರಕ್ಕೆ, ಯಾರ ತಲೆಯ ಮೇಲೆ ಎಂದು ನಿರ್ಧರಿಸುವವನು ಬಹುಪಾಲು ಏಳನೇ ನಂಬರಿನ ಹಾಫ್‌ಬ್ಯಾಕ್. ಅವನು, ಆರನೇ ನಂಬರಿನ ಫೈವ್-ಏಯ್ತ್, ಒಂಬತ್ತರ ಹುಕರ್, ಒಂದರ ಫುಲ್‌ಬ್ಯಾಕ್ ಈ ನಾಲ್ವರನ್ನು ತಂಡದ ‘ಸ್ಪೈನ್’, ಅಂದರೆ ಬೆನ್ನುಮೂಳೆ ಎನ್ನುತ್ತಾರೆ.

ಕಾಣದ ಕೆಲಸ ಇನ್ನೊಂದಿದೆ. ನೂರು ಕಿಲೋ ದಾಟಿದ ಫಾರ್ವರ್ಡ್‌ಗಳನ್ನು ಎದುರಾಳಿ ತಂಡ ಬೇಕೆಂದೇ ಹಾಫ್‌ಬ್ಯಾಕ್ ನಿಂತ ಕಡೆಗೆ ಓಡಿಸುತ್ತದೆ. ಅವನು ತಡೆದು ತಡೆದು ಸುಸ್ತಾದರೆ ಕೊನೆಯ ಹತ್ತು ನಿಮಿಷದಲ್ಲಿ ಅವನ ಕಾಲು ಒದೆಯುವುದಿಲ್ಲ, ತಲೆ ಓಡುವುದಿಲ್ಲ. 2020ರಲ್ಲಿ ಬಂದ ‘ಸಿಕ್ಸ್ ಅಗೇನ್’ ನಿಯಮ ಸಣ್ಣ ತಪ್ಪಿಗೆ ಆಟ ನಿಲ್ಲಿಸದೆ ಆರು ಟ್ಯಾಕಲ್ ಮತ್ತೆ ಎಣಿಸಲು ಹೇಳುತ್ತದೆ. ಉಸಿರು ತೆಗೆದುಕೊಳ್ಳುವ ಬಿಡುವು ಅಷ್ಟು ಕಡಿಮೆಯಾಯಿತು.

ಬೆಲೆ ಕಟ್ಟುವವರ ಮೂರು ಪಂಗಡ

ಮೊದಲ ಪಂಗಡ ಹಳೆಯದು: ಏಳನೆಯವನಿಲ್ಲದೆ ಕಪ್ಪಿಲ್ಲ. ಪೀಟರ್ ಸ್ಟರ್ಲಿಂಗ್ ಇದ್ದಾಗ ಪ್ಯಾರಮಾಟಾ 1981, 82, 83, 86ರಲ್ಲಿ ಗೆದ್ದಿತು. ಆ್ಯಂಡ್ರೂ ಜಾನ್ಸ್ ಇದ್ದ ನ್ಯೂಕಾಸಲ್ 1997 ಮತ್ತು 2001ರಲ್ಲಿ ಗೆದ್ದಿತು. 2005ರಲ್ಲಿ ಗಾಯಗಳಿಂದ ಜಾನ್ಸ್ ಬಹುಕಾಲ ಹೊರಗಿದ್ದಾಗ ಅದೇ ನ್ಯೂಕಾಸಲ್ ಪಟ್ಟಿಯ ತಳ ಸೇರಿತು. ಅದೇ ವರ್ಷ ಮೊದಲ ಆರಿಜಿನ್ ಪಂದ್ಯ ಸೋತಿದ್ದ ನ್ಯೂ ಸೌತ್ ವೇಲ್ಸ್‌ಗೆ ಜಾನ್ಸ್ ಎರಡನೇ ಪಂದ್ಯಕ್ಕೆ ಬಂದರು. 32–22, ಆಮೇಲೆ ಲ್ಯಾಂಗ್ ಪಾರ್ಕಿನಲ್ಲೇ 32–10. ಒಬ್ಬ ಮನುಷ್ಯ ಬಂದದ್ದಕ್ಕೆ ಸರಣಿ ತಿರುಗಿತು ಎಂದು ಈ ಪಂಗಡ ಇಂದಿಗೂ ಆ ವರ್ಷವನ್ನೇ ಸಾಕ್ಷಿ ಕರೆಯುತ್ತದೆ.

ಎರಡನೆಯದು ವ್ಯವಸ್ಥೆಯ ಪಂಗಡ. ಒಳ್ಳೆಯ ತಂಡ ಹಾಫ್‌ಬ್ಯಾಕ್‌ನನ್ನು ತಯಾರಿಸುತ್ತದೆ, ಹಾಫ್‌ಬ್ಯಾಕ್ ತಂಡವನ್ನಲ್ಲ ಎಂಬುದು ಇವರ ವಾದ. ಮೆಲ್ಬರ್ನ್ ಸ್ಟಾರ್ಮ್ ಇವರ ದೇವಸ್ಥಾನ. ಕೂಪರ್ ಕ್ರಾಂಕ್ 2017ರ ಬಳಿಕ ಬಿಟ್ಟುಹೋದರೂ ಮರುವರ್ಷ ಆ ತಂಡ ಫೈನಲ್‌ನಲ್ಲಿತ್ತು, 2020ರಲ್ಲಿ ಜರೋಮ್ ಹ್ಯೂಸ್ ಎಂಬ ಹೊಸ ಏಳನೆಯವನ ಜೊತೆ ಕಪ್ ಎತ್ತಿತು. 2017ರ ನಾರ್ತ್ ಕ್ವೀನ್ಸ್‌ಲ್ಯಾಂಡ್ ಕೌಬಾಯ್ಸ್ ಇನ್ನೂ ಗಟ್ಟಿ ಸಾಕ್ಷಿ. ಜೊನಾಥನ್ ಥರ್ಸ್ಟನ್ ಇಲ್ಲದೆ, ಎಂಟನೇ ಸ್ಥಾನದಿಂದ ನುಸುಳಿ, ಮೈಕೆಲ್ ಮಾರ್ಗನ್ ಕೈಯಲ್ಲಿ ಫೈನಲ್ ಮುಟ್ಟಿತು. 2024ರಲ್ಲಿ ಕ್ಲಿಯರಿ ಆರಿಜಿನ್‌ನಲ್ಲಿ ಒಂದೂ ಪಂದ್ಯ ಆಡಲಿಲ್ಲ. ನಿಕೊ ಹೈನ್ಸ್, ಆಮೇಲೆ ಮಿಚೆಲ್ ಮೋಸೆಸ್ ಏಳನೇ ಜೆರ್ಸಿ ತೊಟ್ಟರು, ನ್ಯೂ ಸೌತ್ ವೇಲ್ಸ್ 2–1ರಿಂದ ಗೆದ್ದಿತು. 2025ರಲ್ಲಿ ಕ್ಲಿಯರಿ ಮೂರನ್ನೂ ಆಡಿದರು, ರಾಜ್ಯ 1–2ರಿಂದ ಸೋತಿತು. ಬಾರಿನಲ್ಲಿ ಈ ಎರಡು ವಾಕ್ಯ ಒಟ್ಟಿಗೆ ಹೇಳಿದರೆ ಪೆನ್ರಿತ್‌ನವರು ಲೋಟ ಕೆಳಗಿಡುತ್ತಾರೆ.

ಮೂರನೆಯದು ಮಾರುಕಟ್ಟೆಯ ಪಂಗಡ. ಸಂಬಳದ ಮಿತಿ 1990ರಲ್ಲೇ ಬಂದಿದೆ. ಈಗ ಮೂವತ್ತು ಆಟಗಾರರಿಗೆ ಸೇರಿ ಒಂದು ಕ್ಲಬ್ ಸುಮಾರು 1.2 ಕೋಟಿ ಆಸ್ಟ್ರೇಲಿಯನ್ ಡಾಲರ್ ಆಸುಪಾಸಿನಲ್ಲಿ ಸಂಸಾರ ತೂಗಿಸಬೇಕು. ಹೀಗಾಗಿ ಹಾಫ್‌ಬ್ಯಾಕ್ ಎಷ್ಟು ಒಳ್ಳೆಯವನು ಎಂಬುದಕ್ಕಿಂತ, ಅವನಿಗೆ ಕೊಟ್ಟ ಹಣದಲ್ಲಿ ಇನ್ನೆಷ್ಟು ಮಂದಿ ಬರುತ್ತಿದ್ದರು ಎಂದು ಇವರು ಕೇಳುತ್ತಾರೆ. ಬೆನ್ ಹಂಟ್ ಅವರಿಗೆ ಡ್ರ್ಯಾಗನ್ಸ್ ಕ್ಲಬ್ 2018ರಿಂದ ಐದು ವರ್ಷಕ್ಕೆ ಸುಮಾರು 60 ಲಕ್ಷ ಡಾಲರ್ ಕೊಟ್ಟಿತೆಂದು ಪತ್ರಿಕೆಗಳು ಬರೆದವು, ಕಪ್ ಬರಲಿಲ್ಲ. ಡಿಲನ್ ಬ್ರೌನ್ ಅವರನ್ನು ನ್ಯೂಕಾಸಲ್ ಹತ್ತು ವರ್ಷಕ್ಕೆ ಸುಮಾರು 1.3 ಕೋಟಿಗೆ ಒಪ್ಪಿಸಿದೆ. ಒಳ್ಳೆಯ ಹಾಫ್‌ಬ್ಯಾಕ್‌ಗಳು ಬೆರಳೆಣಿಕೆಯಷ್ಟು, ಕ್ಲಬ್ಬುಗಳು ಹದಿನೇಳು. ಅಭಾವವೇ ಬೆಲೆ ಏರಿಸುತ್ತದೆ, ಪ್ರತಿಭೆಯಲ್ಲ. ಇದಕ್ಕೆ ತಿರುಗುಮುರುಗಾದ ಕಥೆ ಆ್ಯಡಮ್ ರೆನಾಲ್ಡ್ಸ್ ಅವರದು. ಮೂವತ್ತು ದಾಟಿದವರಿಗೆ ದೀರ್ಘ ಒಪ್ಪಂದ ಬೇಡವೆಂದು ಸೌತ್ ಸಿಡ್ನಿ 2021ರಲ್ಲಿ ಕೈಬಿಟ್ಟಿತು. ಅವರು ಬ್ರಿಸ್ಬೇನಿಗೆ ಹೋಗಿ ನಾಯಕರಾಗಿ 2025ರ ಕಪ್ ಎತ್ತಿದರು.

ಮೂರೂ ಪಂಗಡಗಳಿಗೆ ತಮ್ಮದೇ ಸಾಕ್ಷಿಗಳಿವೆ ಎಂದು ಕೈಮುಗಿದು ಎದ್ದುಬಿಡಬಹುದು. ನನಗೆ ಅನ್ನಿಸುವುದು, ಎರಡನೆಯವರು ಸರಾಸರಿಯನ್ನು ಸರಿಯಾಗಿ ಹೇಳುತ್ತಾರೆ, ಮೊದಲನೆಯವರು ತುದಿಯನ್ನು. ಪೆನ್ರಿತ್ ಜೂನ್ ತಿಂಗಳ ಒಂದು ಚಳಿ ರಾತ್ರಿ ಕ್ಲಿಯರಿ ಇಲ್ಲದೆ ಗೆಲ್ಲುತ್ತದೆ, ಅನೇಕ ಸಲ ಗೆದ್ದಿದೆ. ಲಾಕ್ ಸ್ಥಾನದಲ್ಲಿ ಆಡುವ ಐಸಾಯಾ ಯೋ ಚೆಂಡು ಹಂಚುತ್ತಾರೆ, ಕ್ಲಬ್ಬಿನ ಕಿರಿಯರ ತಂಡಗಳಲ್ಲಿ ಒಟ್ಟಿಗೆ ಬೆಳೆದವರಿಗೆ ಕಣ್ಣುಮುಚ್ಚಿದರೂ ದಾರಿ ಗೊತ್ತು. ಆದರೆ 24–8ರಲ್ಲಿ ಉಳಿದ ಇಪ್ಪತ್ತು ನಿಮಿಷಕ್ಕೆ ವ್ಯವಸ್ಥೆ ಸಾಲುವುದಿಲ್ಲ. ಅಲ್ಲಿ ಯೋಜನೆ ಆಗಲೇ ಮುರಿದಿರುತ್ತದೆ. ಲಕ್ಷಗಟ್ಟಲೆ ಡಾಲರ್ ಕೊಡುವುದು ಆ ಇಪ್ಪತ್ತು ನಿಮಿಷಕ್ಕೆ. ಅದು ವರ್ಷಕ್ಕೆ ಒಂದೋ ಎರಡೋ ಸಲ ಬರುತ್ತದೆ, ಬರದೆಯೂ ಇರಬಹುದು.

ಅಂದಹಾಗೆ, ಕ್ಲಬ್ಬಿನ ಬೆಲೆ ರಾಜ್ಯದಲ್ಲೂ ನಡೆಯುತ್ತದೆಂಬ ಖಾತ್ರಿಯಿಲ್ಲ. ಮಿಚೆಲ್ ಪಿಯರ್ಸ್ 2013ರಲ್ಲಿ ಸಿಡ್ನಿ ರೂಸ್ಟರ್ಸ್ ಜೊತೆ ಕಪ್ ಗೆದ್ದವರು. 2008ರಿಂದ 2017ರವರೆಗೆ ಅವರು ಆಡಿದ ಒಂದು ಆರಿಜಿನ್ ಸರಣಿಯೂ ಗೆಲುವಾಗಲಿಲ್ಲ. ಕ್ವೀನ್ಸ್‌ಲ್ಯಾಂಡಿನ ಸತತ ಎಂಟು ಸರಣಿಗಳ ಸರಪಳಿ ಕಡಿದ 2014ರಲ್ಲಿ ಅವರು ತಂಡದಲ್ಲೇ ಇರಲಿಲ್ಲ, ಏಳನೆಯವರಾಗಿದ್ದವರು ಟ್ರೆಂಟ್ ಹಾಡ್ಕಿನ್ಸನ್. ಥರ್ಸ್ಟನ್, ಕ್ರಾಂಕ್, ಕ್ಯಾಮರಾನ್ ಸ್ಮಿತ್ ಎದುರಿಗಿದ್ದ ಕಾಲದಲ್ಲಿ ಯಾರನ್ನು ನಿಲ್ಲಿಸಿದ್ದರೂ ಸೋಲುತ್ತಿದ್ದರೇನೋ. 2019ರಲ್ಲಿ ಕ್ಲಿಯರಿ ಗಾಯಗೊಂಡಾಗ ಮೂರನೇ ಪಂದ್ಯಕ್ಕೆ ಪಿಯರ್ಸ್ ಅವರನ್ನೇ ಕರೆದರು. ಗೆದ್ದರು. ಒಂದು ರಾತ್ರಿಯ ಋಣ ತೀರಿತು.

ತೆರಿಗೆಯ ಲೆಕ್ಕ

ಈಗ ಸವೆತದ ಮಾತು. ಇಲ್ಲಿ ವಾದ ಎತ್ತು ಏರಿಗೆಳೆದರೆ ಕೋಣ ನೀರಿಗೆ ಎಂಬಂತಿದೆ. ಕ್ಲಬ್ ಸಂಬಳ ಕೊಡುತ್ತದೆ, ರಾಜ್ಯ ಅವನನ್ನು ಸರಣಿಗೆಂದು ಕೊಂಡೊಯ್ಯುತ್ತದೆ. ಆಟಗಾರನಿಗೆ ಒಂದು ಆರಿಜಿನ್ ಪಂದ್ಯಕ್ಕೆ ಸುಮಾರು 30,000 ಡಾಲರ್. ಗಾಯವಾದರೆ ಅವನನ್ನು ವಾರಗಟ್ಟಲೆ ಸಾಕುವುದು ಕ್ಲಬ್ಬಿನ ಪಾಡು.

ತೆರಿಗೆ ಭಾರವೆನ್ನುವವರು ಥರ್ಸ್ಟನ್ ಹೆಸರಿನಿಂದ ಶುರುಮಾಡುತ್ತಾರೆ. 2005ರಿಂದ 2016ರವರೆಗೆ ಸತತ 36 ಆರಿಜಿನ್ ಪಂದ್ಯ ಆಡಿದ ಮನುಷ್ಯ. 2017ರ ಮೇ ತಿಂಗಳ ಟೆಸ್ಟ್‌ನಲ್ಲಿ ಭುಜಕ್ಕೆ ಪೆಟ್ಟಾಗಿ ಮೊದಲ ಪಂದ್ಯ ತಪ್ಪಿತು. ಎರಡನೆಯದಕ್ಕೆ ಬಂದರು, ಹರಿದ ಭುಜದಲ್ಲೇ ಕೊನೆಯ ಗೋಲು ಒದ್ದು 18–16ರಲ್ಲಿ ಗೆಲ್ಲಿಸಿದರು. ಅವರ ಋತು ಅಲ್ಲಿಗೆ ಮುಗಿಯಿತು. ಊರಿಗೆ ಉಪಕಾರಿ, ಮನೆಗೆ ಮಾರಿ ಎಂಬ ಗಾದೆಯನ್ನು ಅವರ ಕ್ಲಬ್ ಕೌಬಾಯ್ಸ್‌ನ ಊರಾದ ಟೌನ್ಸ್‌ವಿಲ್‌ನಲ್ಲಿ ಯಾರೂ ಬಾಯಿಬಿಟ್ಟು ಹೇಳಲಾರರು, ಏಕೆಂದರೆ ಅಲ್ಲಿನವರೂ ಆ ರಾತ್ರಿ ಕುಣಿದಿದ್ದರು. ಕ್ಲಿಯರಿಗೆ 2021ರಲ್ಲಿ ಆದದ್ದೂ ಇದೇ. 26–0ರಿಂದ ಗೆದ್ದ ಎರಡನೇ ಆರಿಜಿನ್ ಪಂದ್ಯದಲ್ಲಿ ಭುಜದ ಒಳಪೊರೆ ಹರಿಯಿತು. ಶಸ್ತ್ರಚಿಕಿತ್ಸೆ ಮುಂದೂಡಿ, ಹರಿದದ್ದನ್ನೇ ಕಟ್ಟಿಕೊಂಡು ಫೈನಲ್‌ನಲ್ಲಿ 14–12ರಿಂದ ಗೆದ್ದು ಪಂದ್ಯಪುರುಷರಾದರು. ಶಸ್ತ್ರಚಿಕಿತ್ಸೆಯ ಬಾಕಿ ತೀರಿದ್ದು 2022ರ ಮೊದಲ ಕೆಲವು ಸುತ್ತುಗಳಲ್ಲಿ. ಒಂದೇ ಗಾಯಕ್ಕೆ ಕ್ಲಬ್ ಎರಡು ಋತುಗಳಲ್ಲಿ ದಂಡ ಕಟ್ಟಿತು.

ಆದರೆ ಇವು ಕಣ್ಣಿಗೆ ಕಾಣುವ ಗಾಯಗಳು. ಆರಿಜಿನ್ ಮುಗಿಸಿದ ಮೂರ್ನಾಲ್ಕು ದಿನಕ್ಕೇ ಕ್ಲಬ್ ಪರ ಮತ್ತೆ ಇಳಿಯುವುದಕ್ಕೆ ‘ಬ್ಯಾಕಿಂಗ್ ಅಪ್’ ಎನ್ನುತ್ತಾರೆ, ಅದೊಂದು ಪೌರುಷದ ಮಾತಾಗಿ ಬೆಳೆದಿದೆ. ಈಗೀಗ ಕೋಚ್‌ಗಳು ತಾರೆಯರನ್ನು ಆ ವಾರ ಕೂರಿಸುತ್ತಾರೆ. ಕ್ಲಬ್ ಅಭಿಮಾನಿ ಟಿಕೆಟ್ ಕೊಂಡು ಬಂದು ಬದಲಿ ಆಟಗಾರರನ್ನು ನೋಡುತ್ತಾನೆ. ಆಟಗಾರ ಉಳಿದ, ಆದರೆ ಎರಡು ಅಂಕ ಹೋಯಿತು. ಇದೂ ತೆರಿಗೆಯೇ. ಜಸ್‌ಪ್ರೀತ್ ಬುಮ್ರಾ 2025ರಲ್ಲಿ ಇಂಗ್ಲೆಂಡಿನಲ್ಲಿ ಐದರಲ್ಲಿ ಮೂರೇ ಟೆಸ್ಟ್ ಆಡಿದಾಗ ನಮ್ಮಲ್ಲಿ ಎದ್ದ ಗದ್ದಲವನ್ನು ನೆನೆದರೆ ಇದರ ರುಚಿ ತಿಳಿಯುತ್ತದೆ. ವ್ಯತ್ಯಾಸ ಇಷ್ಟೇ: ಅಲ್ಲಿ ಕೂರಿಸುವುದು ಕ್ಲಬ್ ಪಂದ್ಯದಲ್ಲಿ, ರಾಜ್ಯದ ಪಂದ್ಯದಲ್ಲಿ ಕೂರಿಸುವ ಧೈರ್ಯ ಯಾರಿಗೂ ಇಲ್ಲ.

ತೆರಿಗೆ ಎಂಬ ಪದವನ್ನೇ ಒಪ್ಪದವರೂ ಇದ್ದಾರೆ. ಆರಿಜಿನ್ ಶಿಬಿರಕ್ಕೆ ಹುಡುಗನಾಗಿ ಹೋದವನು ಗಂಡಸಾಗಿ ಬರುತ್ತಾನೆ ಎಂಬುದು ಅವರ ನಂಬಿಕೆ. ಪೆನ್ರಿತ್ 2021ರಿಂದ 2024ರವರೆಗೆ ಸತತ ನಾಲ್ಕು ಕಪ್ ಗೆದ್ದದ್ದು ಆರಿಜಿನ್‌ಗೆ ಆಟಗಾರರನ್ನು ಹಿಂಡುಹಿಂಡಾಗಿ ಕಳಿಸುತ್ತಲೇ. ಸ್ಮಿತ್, ಕ್ರಾಂಕ್, ಬಿಲ್ಲಿ ಸ್ಲೇಟರ್ ಅವರನ್ನು ವರ್ಷವರ್ಷವೂ ಕಳಿಸಿದ ಮೆಲ್ಬರ್ನ್ ಕೂಡ ಹಾಗೆಯೇ. ವಾದ ಚೆನ್ನಾಗಿದೆ, ಆದರೆ ಇದರಲ್ಲೊಂದು ತೂತಿದೆ. ಒಳ್ಳೆಯ ತಂಡದಿಂದಲೇ ಹೆಚ್ಚು ಮಂದಿ ಆಯ್ಕೆಯಾಗುತ್ತಾರೆ. ಭಾರ ಹೊತ್ತದ್ದರಿಂದ ಬಲ ಬಂತೋ, ಬಲವಿದ್ದದ್ದಕ್ಕೆ ಭಾರ ಹೊರಿಸಿದರೋ? ಮೂವತ್ತನಾಲ್ಕರ ಆ್ಯಲನ್ ಲ್ಯಾಂಗರ್ ಅವರನ್ನು 2001ರಲ್ಲಿ ಕ್ವೀನ್ಸ್‌ಲ್ಯಾಂಡ್ ಕೋಚ್ ವೇಯ್ನ್ ಬೆನೆಟ್ ಇಂಗ್ಲೆಂಡಿನ ವಾರಿಂಗ್ಟನ್ ಕ್ಲಬ್ಬಿನಿಂದ ಭೂಗೋಳದ ಅರ್ಧ ಸುತ್ತಿಸಿ ಕರೆತಂದು ನಿರ್ಣಾಯಕ ಪಂದ್ಯ 40–14ರಿಂದ ಗೆದ್ದದ್ದನ್ನು ಈ ಪಂಗಡ ಪುರಾಣದಂತೆ ಹೇಳುತ್ತದೆ. ಅದೇ ಪುರಾಣ ವಾರಿಂಗ್ಟನ್ ಊರಿನಲ್ಲಿ ಹೇಗೆ ಕೇಳಿಸಿರಬಹುದು ಎಂದು ಯಾರೂ ವಿಚಾರಿಸುವುದಿಲ್ಲ.

ಪದಕಗಳು ಹೇಳುವ ವಿಚಿತ್ರ

ಈ ಚರ್ಚೆಯಲ್ಲಿ ಸಾಕಷ್ಟು ಗಮನ ಸಿಗದ ಒಂದು ಸುಳಿವಿದೆ. ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವ ಡ್ಯಾಲಿ ಎಮ್ ಪದಕ ನೋಡಿ. 2022ರಲ್ಲಿ ಗೆದ್ದ ಕ್ರೊನಲ್ಲಾ ಹಾಫ್‌ಬ್ಯಾಕ್ ನಿಕೊ ಹೈನ್ಸ್ ಆ ವರ್ಷ ಆರಿಜಿನ್ ಪಂದ್ಯ ಆಡಿರಲಿಲ್ಲ. 2023ರಲ್ಲಿ ಗೆದ್ದ ಕೇಲಿನ್ ಪಾಂಗಾ ತಲೆಗೆ ಬಿದ್ದ ಪೆಟ್ಟುಗಳ ಬಳಿಕ ಆ ವರ್ಷದ ಸರಣಿಯಿಂದ ತಾವಾಗಿ ಹಿಂದೆ ಸರಿದು ನ್ಯೂಕಾಸಲ್‌ಗೆ ಮೀಸಲಾಗಿದ್ದರು. ಒಂದು ಮತದಿಂದ ಎರಡನೆಯವರಾದ ಶಾನ್ ಜಾನ್ಸನ್ ನ್ಯೂಜಿಲೆಂಡ್‌ನವರು, ಆರಿಜಿನ್‌ಗೆ ಅರ್ಹರೇ ಆಗಿರಲಿಲ್ಲ. 2024ರ ವಿಜೇತ ಜರೋಮ್ ಹ್ಯೂಸ್ ಕೂಡ ನ್ಯೂಜಿಲೆಂಡ್ ಪರ ಆಡುವವರು. 2025ರಲ್ಲಿ ಗೆದ್ದ ಜೇಮ್ಸ್ ಟೆಡೆಸ್ಕೊ ಅವರನ್ನು ಆ ವರ್ಷ ರಾಜ್ಯ ತಂಡ ಕೈಬಿಟ್ಟಿತ್ತು. ಸತತ ನಾಲ್ಕು ವರ್ಷ, ನಾಲ್ವರು, ಒಬ್ಬರೂ ಆ ವರ್ಷ ಆರಿಜಿನ್ ಅಂಗಳ ತುಳಿದಿಲ್ಲ.

ಇದು ಸವೆತಕ್ಕೆ ಪುರಾವೆಯೇ? ಅರ್ಧ ಮಾತ್ರ. ಮತ ಬೀಳುವುದು ಪ್ರತಿ ಕ್ಲಬ್ ಪಂದ್ಯಕ್ಕೆ. ರಾಜ್ಯಕ್ಕೆ ಹೋದವನು ಕೆಲವು ಸುತ್ತು ಆಡುವುದೇ ಇಲ್ಲ, ಮತವೂ ಬೀಳುವುದಿಲ್ಲ. ಹಾಗಾಗಿ ಪದಕ ಪ್ರತಿಭೆಯನ್ನಲ್ಲ, ಹಾಜರಾತಿಯನ್ನು ಅಳೆಯುತ್ತಿರಬಹುದು. 2021ರಲ್ಲಿ ಗೆದ್ದ ಟಾಮ್ ಟ್ರಬೊಯೆವಿಚ್ ಮೂರೂ ಆರಿಜಿನ್ ಪಂದ್ಯ ಆಡಿದ್ದರು ಎಂಬುದನ್ನೂ ಮುಚ್ಚಿಡಬಾರದು. ಆದರೆ ಹಾಜರಾತಿಯೇ ಬೆಲೆಯ ದೊಡ್ಡ ಭಾಗವಲ್ಲವೇ? ಪಾಂಗಾ ಹಿಂದೆ ಸರಿದಾಗ ಅವರ ನಿಷ್ಠೆಯ ಬಗ್ಗೆ ಕ್ವೀನ್ಸ್‌ಲ್ಯಾಂಡಿನಲ್ಲಿ ಗೊಣಗಾಟ ಎದ್ದಿತ್ತು. ನ್ಯೂಕಾಸಲ್ ಆ ವರ್ಷ ಸಾಲು ಗೆಲುವುಗಳೊಂದಿಗೆ ಫೈನಲ್ಸ್ ಸುತ್ತಿಗೆ ಏರಿತು. ಆರಿಜಿನ್‌ಗೆ ಸೇರದ ನ್ಯೂಜಿಲೆಂಡ್ ಹಾಫ್‌ಬ್ಯಾಕ್‌ಗೆ ಚೌಕಾಸಿಯ ಮೇಜಿನಲ್ಲಿ ಅದಕ್ಕೆಂದೇ ಹೆಚ್ಚು ಹಣ ಸಿಗಬೇಕು ಎಂದು ನನ್ನ ತರ್ಕ ಹೇಳುತ್ತದೆ.

ಪಂಚಾಂಗ ತಿದ್ದುವವರು

ದೋಷ ಆಟದ್ದಲ್ಲ, ದಿನದರ್ಶಿಯದು ಎನ್ನುವವರೂ ಇದ್ದಾರೆ. 2018ರಿಂದ ಕೆಲವು ವರ್ಷ ಎರಡನೇ ಪಂದ್ಯವನ್ನು ಭಾನುವಾರಕ್ಕಿಟ್ಟು ಆ ವಾರಾಂತ್ಯ ಕ್ಲಬ್ ಪಂದ್ಯಗಳಿಗೆ ರಜೆ ಕೊಟ್ಟು ನೋಡಿದರು, ಮತ್ತೆ ಬುಧವಾರಕ್ಕೇ ಮರಳಿದರು. ಕೋವಿಡ್ ವರ್ಷ 2020ರಲ್ಲಿ ಇಡೀ ಸರಣಿ ಕ್ಲಬ್ ಫೈನಲ್ ಮುಗಿದ ಮೇಲೆ ನವೆಂಬರ್‌ನಲ್ಲಿ ನಡೆಯಿತು. ಕ್ಲಬ್ಬುಗಳು ಬಯಸುವ ಏರ್ಪಾಡು ಅದೇ, ಆದರೆ ಮರುವರ್ಷವೇ ಸರಣಿ ಹಳೆಯ ಜಾಗ ಸೇರಿತು. ಋತುವಿನ ನಡುವೆ ಟಿವಿಗೆ ಬೇಕಾದ ಕಿಚ್ಚು ಆರಿಜಿನ್ ಬಿಟ್ಟು ಬೇರೆ ಯಾವುದೂ ಹಚ್ಚದು. ಮಹಿಳೆಯರ ಆರಿಜಿನ್‌ಗೆ ಈ ತೊಡಕೇ ಇಲ್ಲ, ಅವರ ಕ್ಲಬ್ ಲೀಗ್ ಆರಂಭವಾಗುವ ಮೊದಲೇ ಸರಣಿ ಮುಗಿಯುತ್ತದೆ. ಪುರುಷರ ಮಂಡಳಿ ಇದನ್ನು ನೋಡಿಯೂ ನೋಡದಂತಿದೆ.

ತಲೆಪೆಟ್ಟಿನ ನಿಯಮ ಮಾತ್ರ ಪಂಚಾಂಗವನ್ನು ಬಲವಂತವಾಗಿ ತಿದ್ದಿದೆ. ಗಂಭೀರ ಪೆಟ್ಟಾದವನು ಕನಿಷ್ಠ 11 ದಿನ ಆಡುವಂತಿಲ್ಲ. ಕ್ಲಬ್ ಪಂದ್ಯದಲ್ಲಿ ಬಿದ್ದರೆ ಆರಿಜಿನ್ ಹೋಗಬಹುದು, ಆರಿಜಿನ್‌ನಲ್ಲಿ ಬಿದ್ದರೆ ಕ್ಲಬ್ಬಿನ ವಾರ ಖಂಡಿತ ಹೋಯಿತು. ಪೌರುಷದ ಮಾತು ಇಲ್ಲಿ ನಡೆಯುವುದಿಲ್ಲ.

ಇತ್ಯರ್ಥವಾಗದವು

ಬದಲಿ ಆಟಗಾರ ಬಂದಾಗ ತಂಡದ ಆಟವೇ ಬದಲಾಗುತ್ತದೆ, ಎದುರಾಳಿಯೂ ಆ ವಾರ ತನ್ನ ಆರಿಜಿನ್ ಆಟಗಾರರಿಲ್ಲದೆ ಬಂದಿರುತ್ತಾನೆ. ಹೀಗಿರುವಾಗ ‘ಅವನಿಲ್ಲದೆ ಗೆದ್ದ ಪಂದ್ಯ’ ಎಂಬ ಎಣಿಕೆ ಎಷ್ಟು ನಂಬಿಕಸ್ಥ? ಹೊಣೆಯ ಪ್ರಶ್ನೆಯೂ ತೆರೆದೇ ಇದೆ. ಬರ್ಡನ್ ಭುಜಕ್ಕೆ ಪೆಟ್ಟಾದಾಗ ಕೇಳಿದ್ದು ಆಟಗಾರನ ಪರವಾಗಿ. ಈಗ ಆಟಗಾರನಿಗೆ ಸಂಬಳ ನಿಲ್ಲುವುದಿಲ್ಲ, ಕೇಳುತ್ತಿರುವುದು ಕ್ಲಬ್. ರಾಜ್ಯದ ಕರೆಗೆ ಇಲ್ಲವೆನ್ನುವ ಸ್ವಾತಂತ್ರ್ಯ ಕಾಗದದಲ್ಲಿರುವಷ್ಟು ನೆಲದಲ್ಲಿದೆಯೇ ಎಂಬುದಕ್ಕೆ ಪಾಂಗಾ ಒಬ್ಬರ ಉದಾಹರಣೆ ಸಾಲದು. ವರ್ಷದ ಕೊನೆಯಲ್ಲಿ ದೇಶದ ಪಂದ್ಯಗಳೂ ಈಗ ಮರಳಿವೆ. 2025ರ ಅಕ್ಟೋಬರ್, ನವೆಂಬರ್‌ನಲ್ಲಿ ಆಸ್ಟ್ರೇಲಿಯಾ ಇಂಗ್ಲೆಂಡಿಗೆ ಹೋಗಿ ರಗ್ಬಿ ಲೀಗಿನ ಆ್ಯಶಸ್ ಸರಣಿಯನ್ನು 3–0ಯಿಂದ ಗೆದ್ದಾಗ ಏಳನೇ ಜೆರ್ಸಿ ಕ್ಲಿಯರಿ ಅವರದೇ ಆಗಿತ್ತು.

ಇನ್ನು ಆ 2023ರ ಹ್ಯಾಮ್‌ಸ್ಟ್ರಿಂಗ್. ಕೈಕೊಟ್ಟದ್ದು ಕ್ಲಬ್ ಪಂದ್ಯದಲ್ಲಿ, ಹಾಗಾಗಿ ದಾಖಲೆಯಲ್ಲಿ ಅದು ಕ್ಲಬ್ ಗಾಯ. ಬುಧವಾರ ಅಡಿಲೇಡ್‌ನಲ್ಲಿ ಓಡದೆ ಇದ್ದಿದ್ದರೆ ಉಳಿಯುತ್ತಿತ್ತೆಂದು ಪೆನ್ರಿತ್‌ನ ಅಭಿಮಾನಿ ಆಣೆ ಮಾಡುತ್ತಾನೆ. ಆದರೆ ಮರುವರ್ಷ, 2024ರಲ್ಲಿ, ಕ್ಲಿಯರಿ ಅವರ ಹ್ಯಾಮ್‌ಸ್ಟ್ರಿಂಗ್ ಎರಡು ಸಲ ಕೈಕೊಟ್ಟಿತು: ಮಾರ್ಚ್‌ನಲ್ಲೊಮ್ಮೆ, ಮೇ ತಿಂಗಳಲ್ಲೊಮ್ಮೆ. ಆ ವರ್ಷದ ಆರಿಜಿನ್ ಇನ್ನೂ ಶುರುವೇ ಆಗಿರಲಿಲ್ಲ.